ಜೂಲಿಯನ್ ಓಡಿದಳು

ಅಕ್ಕಂದಿರೇ, ಒಂದರಿಂದ ಹನ್ನೊಂದರವರೆಗೆ ಎಣಿಸಿ. ನಿಧಾನವಾಗಿ ಎಣಿಸಿ. ಮುಗಿಯಿತೇ? ಅಷ್ಟು ಹೊತ್ತಿನಲ್ಲಿ ಒಬ್ಬ ಹುಡುಗಿ ನೂರು ಮೀಟರ್ ಓಡಿಬಿಟ್ಟಳು. ಅವಳ ಹೆಸರು ಜೂಲಿಯನ್ ಆಲ್ಫ್ರೆಡ್. ಅವಳ ದೇಶ ಸೇಂಟ್ ಲೂಸಿಯಾ.

ಸೇಂಟ್ ಲೂಸಿಯಾ ಒಂದು ದ್ವೀಪ. ದ್ವೀಪ ಅಂದರೆ ಸುತ್ತಲೂ ನೀರು, ನಡುವೆ ನೆಲ. ಅದು ಬಹಳ ದೂರ, ಅಮೆರಿಕದ ಕಡೆ ಇದೆ. ಅಲ್ಲಿ ಬೆಟ್ಟಗಳಿವೆ, ಬಾಳೆ ತೋಟಗಳಿವೆ. ಜನ ಸುಮಾರು 1 ಲಕ್ಷ 80 ಸಾವಿರ. ನಮ್ಮ ಒಂದು ತಾಲ್ಲೂಕಿನಷ್ಟು, ಅಷ್ಟೇ. ಆದರೂ ಅದು ಸ್ವತಂತ್ರ ದೇಶ. ಅದಕ್ಕೆ ತನ್ನದೇ ಬಾವುಟ ಇದೆ, ತನ್ನದೇ ರಾಷ್ಟ್ರಗೀತೆ ಇದೆ. ವೆಸ್ಟ್ ಇಂಡೀಸ್ ಕ್ರಿಕೆಟ್ ತಂಡದ ಹೆಸರು ನಿಮ್ಮ ಮನೆ ಹುಡುಗರ ಬಾಯಲ್ಲಿ ಕೇಳಿರುತ್ತೀರಿ. ಇಂಥ ಸಣ್ಣ ಸಣ್ಣ ದೇಶಗಳು ಸೇರಿ ಆದ ತಂಡ ಅದು.

ಜೂಲಿಯನ್ ಹುಟ್ಟಿದ್ದು 2001ರಲ್ಲಿ. ಚಿಕ್ಕವಳಿದ್ದಾಗ ಅವಳು ಬರಿಗಾಲಲ್ಲೇ ಓಡುತ್ತಿದ್ದಳು. ಶಾಲೆಯ ಬಟ್ಟೆಯಲ್ಲೇ ಓಡುತ್ತಿದ್ದಳು. ಒಳ್ಳೆಯ ಮೈದಾನ ಇರಲಿಲ್ಲ. ಏಕೆ ಗೊತ್ತೇ? ಆ ದೇಶದಲ್ಲಿ ಒಂದು ದೊಡ್ಡ ಕ್ರೀಡಾಂಗಣ ಇತ್ತು. 2009ರಲ್ಲಿ ಅಲ್ಲಿನ ಒಂದು ಆಸ್ಪತ್ರೆಗೆ ಬೆಂಕಿ ಬಿತ್ತು. ಆಗ ಆಸ್ಪತ್ರೆಯನ್ನು ಕ್ರೀಡಾಂಗಣಕ್ಕೆ ತಂದರು. ಹತ್ತು ವರ್ಷ ಕಳೆದರೂ ಆಸ್ಪತ್ರೆ ಅಲ್ಲೇ ಇತ್ತು. ಕಾಯಿಲೆಯವರಿಗೆ ಹಾಸಿಗೆ ಬೇಕು, ಓಡುವ ಮಕ್ಕಳಿಗೆ ಬಯಲು ಬೇಕು. ಯಾವುದು ಮೊದಲು? ಬಡ ಮನೆಯ ಲೆಕ್ಕದ ಹಾಗೇ ಸಣ್ಣ ದೇಶದ ಲೆಕ್ಕ.

ಜೂಲಿಯನ್‌ಗೆ 12 ವರ್ಷ ಆದಾಗ ಅಪ್ಪ ತೀರಿಕೊಂಡರು. ಅವಳು ಓಡೋದನ್ನೇ ಬಿಟ್ಟಳು. ಓಟ ಕಲಿಸುವ ಗುರುಗಳು ಬಿಡಲಿಲ್ಲ. ಮತ್ತೆ ಮತ್ತೆ ಹೇಳಿ ಮೈದಾನಕ್ಕೆ ಕರೆತಂದರು. 14ನೇ ವಯಸ್ಸಿಗೆ ಅವಳು ಊರು ಬಿಟ್ಟಳು. ಓದಲು, ಓಡಲು ಜಮೈಕಾ ದೇಶಕ್ಕೆ ಹೋದಳು. ಅಲ್ಲಿಂದ ಅಮೆರಿಕಕ್ಕೆ ಹೋದಳು. ಆ ವಯಸ್ಸಿನ ಮಗಳನ್ನು ಅಷ್ಟು ದೂರ ಕಳಿಸೋದು ಯಾವ ತಾಯಿಗೂ ಸುಲಭವಲ್ಲ.

2022ರಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ ನಡೆಯಿತು. ಪಿಸ್ತೂಲಿನ ಸದ್ದು ಆದ ಮೇಲೆ ಓಡಬೇಕು. ಜೂಲಿಯನ್ ಸದ್ದಿಗೆ ಮೊದಲೇ ಹೆಜ್ಜೆ ಎತ್ತಿದಳು. ಎತ್ತಿದ್ದು ಕಣ್ಣಿಗೆ ಕಾಣದಷ್ಟು ಬೇಗ, ಆದರೂ ತಪ್ಪು ತಪ್ಪೇ. 100 ಮೀಟರ್ ಓಟದಿಂದ ಅವಳನ್ನು ಹೊರಗೆ ಹಾಕಿದರು.

ಆಮೇಲೆ 2024ರ ಒಲಿಂಪಿಕ್ಸ್ ಬಂತು. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕ್ರೀಡಾಕೂಟ ಇದು. ನಡೆದದ್ದು ಪ್ಯಾರಿಸ್‌ನಲ್ಲಿ. ಸೇಂಟ್ ಲೂಸಿಯಾ 1996ರಿಂದ ಒಲಿಂಪಿಕ್ಸ್‌ಗೆ ಹೋಗುತ್ತಿತ್ತು. ಒಂದು ಪದಕವೂ ಬಂದಿರಲಿಲ್ಲ.

ಆಗಸ್ಟ್ 3, ಓಟದ ದಿನ. ಬೆಳಿಗ್ಗೆ ಎದ್ದ ಜೂಲಿಯನ್ ಒಂದು ಮಾತು ಬರೆದಳು: 'ಜೂಲಿಯನ್ ಆಲ್ಫ್ರೆಡ್, ಒಲಿಂಪಿಕ್ಸ್ ಗೆದ್ದವಳು.' ಗೆಲ್ಲುವ ಮೊದಲೇ ಬರೆದಳು ನೋಡಿ! ರಾತ್ರಿ ಮಳೆ ಬಂದು ಓಟದ ದಾರಿ ಒದ್ದೆಯಾಗಿತ್ತು. ಎಂಟು ಜನ ಸಾಲಾಗಿ ನಿಂತರು. ಅದರಲ್ಲಿ ಮೂವರು ಅಮೆರಿಕದವರು. ಈ ಸಲ ಜೂಲಿಯನ್ ಸದ್ದಿಗೆ ಕಾದಳು. ಸದ್ದಾಯಿತು. 10.72 ಸೆಕೆಂಡಿನಲ್ಲಿ ಎಲ್ಲರಿಗಿಂತ ಮೊದಲು ಗೆರೆ ದಾಟಿದಳು. ಚಿನ್ನದ ಪದಕ! ಮೂರು ದಿನ ಬಿಟ್ಟು 200 ಮೀಟರ್ ಓಟದಲ್ಲಿ ಬೆಳ್ಳಿಯೂ ಬಂತು.

ಜೂಲಿಯನ್ ಚಿನ್ನ ಗೆದ್ದ ಸಂಜೆಯೇ ಹತ್ತಿರದ ಇನ್ನೊಂದು ಪುಟ್ಟ ದ್ವೀಪ ಡೊಮಿನಿಕಾಕ್ಕೂ ಮೊದಲ ಪದಕ ಬಂತು. ತಂದವಳು ಥಿಯಾ ಲಫಾಂಡ್. ಕುಪ್ಪಳಿಸಿ, ಹೆಜ್ಜೆ ಹಾಕಿ, ಹಾರುವ ಆಟದಲ್ಲಿ ಅವಳಿಗೆ ಚಿನ್ನ. ಅವಳು ಹಾರಿದ್ದು 15 ಮೀಟರ್‌ಗಿಂತ ಹೆಚ್ಚು.

ಗೆದ್ದ ಜೂಲಿಯನ್ ಅಪ್ಪನನ್ನು ನೆನೆದು ಅತ್ತಳು. ಈ ಪದಕದಿಂದ ನಮ್ಮೂರ ಮಕ್ಕಳಿಗೆ ಒಂದು ಹೊಸ ಕ್ರೀಡಾಂಗಣ ಆಗಲಿ ಎಂದಳು.

ಓದಿ, ಹೇಳಿ
ದ್ವೀಪ ಅಂದರೆ ಏನು?
ಕ್ರೀಡಾಂಗಣಕ್ಕೆ ಆಸ್ಪತ್ರೆಯನ್ನು ಏಕೆ ತಂದರು?
ಜೂಲಿಯನ್ ಬೆಳಿಗ್ಗೆ ಏನು ಬರೆದಳು?

ಬರೆಯಿರಿ
ನಿಮ್ಮ ಹೆಸರು ಬರೆಯಿರಿ. ನೀವು ಏನಾಗಬೇಕು ಅಂತಿದ್ದೀರೋ ಅದನ್ನು ಹೆಸರಿನ ಮುಂದೆ ಬರೆಯಿರಿ.