ಇವತ್ತಿನ ಕಾಲಿಗೆ ಇವತ್ತಿನ ಬೂಟು

ಟೊರಾಂಟೊ

ಚಿ. ಸೌ. ಪುಟ್ಟಿಗೆ,

ಮಗಳನ್ನು ಸ್ಕೇಟಿಂಗ್ ಕ್ಲಾಸಿಗೆ ಸೇರಿಸಿದ್ದು ಕೇಳಿ ತುಂಬ ಸಂತೋಷವಾಯಿತು. ಹೆಪ್ಪುಗಟ್ಟಿದ ರಿಡೋ ಕಾಲುವೆಯ ಮೇಲೆ 7.8 ಕಿ.ಮೀ. ಜಾರಿಕೊಂಡು ಹೋಗುವ ಒಟ್ಟಾವದಲ್ಲಿ ಬೆಳೆಯುವ ಮಗು ಅದನ್ನು ಕಲಿಯಲೇಬೇಕು. ‘ಬೆಳೆಯೋ ಕಾಲು, ಎರಡು ಸೈಜ್ ದೊಡ್ಡ ಬೂಟು ತಗೊಳ್ಳಲಾ?’ ಎಂದು ಕೇಳಿದ್ದೀಯಲ್ಲ, ಅದಕ್ಕೇ ಈ ಪತ್ರ.

ಬೇಡ ಕಣೇ. ಯೂನಿಫಾರ್ಮ್ ಲಂಗದ ಅಂಚು ಮಡಿಸಿ ಹೊಲಿಸಿ ವರ್ಷ ವರ್ಷ ಬಿಚ್ಚಿಕೊಳ್ಳುತ್ತಿದ್ದ ನಮ್ಮೂರಿನ ಲೆಕ್ಕ ಐಸ್ ಮೇಲೆ ನಡೆಯುವುದಿಲ್ಲ. ಸಡಿಲ ಬೂಟಿನಲ್ಲಿ ಹಿಮ್ಮಡಿ ಎದ್ದೆದ್ದು ಬೊಬ್ಬೆ ಬರುತ್ತದೆ, ಕಣಕಾಲು ವಾಲುತ್ತದೆ, ಕಾಲು ತಿರುಗಿದ ಕಡೆ ಬ್ಲೇಡು ತಿರುಗುವುದಿಲ್ಲ. ಬೂಟು ಸರಿಯಿಲ್ಲ ಎಂದು ಮಗುವಿಗೆ ಹೊಳೆಯುವುದಿಲ್ಲ. ತನಗೇ ಬರುವುದಿಲ್ಲ ಅಂದುಕೊಳ್ಳುತ್ತದೆ. ನನಗೆ ಸಂಕಟವಾಗುವುದು ಅದಕ್ಕೇ. ದಪ್ಪ ಕಾಲುಚೀಲ ಎರಡೆರಡು ಹಾಕಿ ಬಿಗಿ ಮಾಡುವುದೂ ಬೇಡ, ರಕ್ತ ಸರಿಯಾಗಿ ಓಡಾಡದೆ ಬೆರಳು ಇನ್ನೂ ತಣ್ಣಗಾಗುತ್ತವೆ. ತೆಳುವಾದ ಒಂದು ಜೊತೆ ಸಾಕು.

ಸಂಜೆ ಕಾಲು ತುಸು ಊದಿರುತ್ತದೆ. ಆಗ ಅವಳನ್ನು ಕಾಗದದ ಮೇಲೆ ನಿಲ್ಲಿಸಿ, ಹಿಮ್ಮಡಿಯಿಂದ ಉದ್ದದ ಬೆರಳಿನ ತುದಿವರೆಗೆ ಎರಡೂ ಕಾಲಿನ ಅಳತೆ ತೆಗೆ. ದೊಡ್ಡ ಕಾಲಿನದೇ ಲೆಕ್ಕ. ಶಾಲೆಯ ಷೂ ಸೈಜ್ ನಂಬಬೇಡ, ಸ್ಕೇಟ್ ಅಳತೆ ಕಂಪನಿಯಿಂದ ಕಂಪನಿಗೆ ಬೇರೆ. ಲೇಸ್ ಬಿಚ್ಚಿದ ಬೂಟಿನಲ್ಲಿ ಬೆರಳು ಮುಂದಕ್ಕೆ ತಾಗಿಸಿ ನಿಂತಾಗ, ಹಿಮ್ಮಡಿಯ ಹಿಂದೆ ನಿನ್ನ ಒಂದು ಬೆರಳು ಹಿಡಿಸಿದರೆ ಬೆಳೆಯಲು ಅಷ್ಟು ಜಾಗ ಸಾಕು. ಎರಡು ಬೆರಳು ಹೋದರೆ ವಾಪಸ್ ಇಟ್ಟುಬಿಡು. ಲೇಸ್ ಕಟ್ಟಿ ಮೊಣಕಾಲು ಬಗ್ಗಿಸಿದಾಗ ಹಿಮ್ಮಡಿ ಏಳಬಾರದು. ಗಟ್ಟಿ ಬೂಟು ಒಳ್ಳೆಯದು ಎಂದು ಯಾರಾದರೂ ಹೇಳಿದರೆ ಮರುಳಾಗಬೇಡ. ಡಬಲ್ ಜಂಪ್ ಮಾಡುವವರ ಬೂಟು ಹಗುರ ಮಗುವಿನ ಕಣಕಾಲನ್ನು ಬಗ್ಗಲೇ ಬಿಡುವುದಿಲ್ಲ.

ಶಾಲೆಗೆ ಹೋಗುವ ಚಿಕ್ಕ ಮಕ್ಕಳ ಪಾದ ವರ್ಷಕ್ಕೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ಎರಡು ತಿಂಗಳಿಗೊಮ್ಮೆ ಮತ್ತೆ ಬೆರಳು ಹಾಕಿ ನೋಡುತ್ತಿರು. ಕಾಲ್ಬೆರಳು ಮಡಚಿಕೊಂಡರೆ, ಉಗುರು ಕಪ್ಪಾದರೆ ಬೂಟು ಬದಲಿಸಲೇಬೇಕು. ಬದಿಯಲ್ಲಿ ಮಾತ್ರ ಒತ್ತುತ್ತಿದ್ದರೆ ಸ್ಕೇಟ್ ಅಂಗಡಿಯವರು ಅಷ್ಟು ಜಾಗವನ್ನು ಉಬ್ಬಿಸಿಕೊಡುತ್ತಾರೆ. ಉದ್ದ ಸಾಲದಿದ್ದರೆ ಅವರೂ ಏನೂ ಮಾಡಲಾರರು.

ಹಾಗಾದರೆ ಖರ್ಚು? ಉಳಿತಾಯ ಇರುವುದು ದೊಡ್ಡ ಬೂಟಿನಲ್ಲಲ್ಲ, ಹಳೆಯ ಬೂಟಿನಲ್ಲಿ. ಮಕ್ಕಳ ಬೂಟು ಸವೆಯುವ ಮೊದಲೇ ಚಿಕ್ಕದಾಗುತ್ತದೆ, ಹಾಗಾಗಿ ಕ್ಲಬ್ಬಿನ ತಾಯಂದಿರ ಹತ್ತಿರ ಒಳ್ಳೆಯವೇ ಸಿಗುತ್ತವೆ. ಕಣಕಾಲಿನ ಹತ್ತಿರ ಆಳವಾದ ಮಡಿಕೆ ಬಿದ್ದು ಮೆತ್ತಗಾಗಿದ್ದರೆ ತೆಗೆದುಕೊಳ್ಳಬೇಡ. ಸಾಣೆ ಹಿಡಿದು ಹಿಡಿದು ಬ್ಲೇಡು ಸಣ್ಣಗಾಗಿದೆಯೇ, ಸ್ಕ್ರೂ ತುಕ್ಕು ಹಿಡಿದಿದೆಯೇ ನೋಡು. ಕೊಂಡ ಮೇಲೆ ಮೊದಲು ಸಾಣೆ ಹಿಡಿಸು.

ನಿನ್ನ ಮನೆಯಿಂದಲೂ ಅದು ಇನ್ನೊಂದು ಮಗುವಿಗೆ ಹೋಗಬೇಕಲ್ಲ, ಜೋಪಾನ ಮಾಡು. ಪ್ರತಿ ಸಲ ಬ್ಲೇಡು ಒರೆಸಿ ಬಟ್ಟೆಯ ಕವರ್ ಹಾಕು. ಪ್ಲಾಸ್ಟಿಕ್ ಗಾರ್ಡ್ ನಡೆಯುವಾಗ ಮಾತ್ರ, ಅದರಲ್ಲೇ ಬಿಟ್ಟರೆ ತುಕ್ಕು. ಹೀಟರ್ ಪಕ್ಕ ಒಣಗಿಸಿದರೆ ಚರ್ಮ ಬಿರಿಯುತ್ತದೆ.

ಇನ್ನೊಂದು ಮಾತು. ಅಮ್ಮ ದುಡ್ಡು ಕೊಟ್ಟು ತಂದಿದ್ದಾಳೆ ಎಂದು ಮಕ್ಕಳು ನೋವು ನುಂಗಿಕೊಳ್ಳುತ್ತವೆ. ಎಲ್ಲಿ ಒತ್ತುತ್ತೆ ಪುಟ್ಟಾ ಅಂತ ನೀನೇ ಕೇಳುತ್ತಿರು, ಹೇಳಿದರೆ ರೇಗಬೇಡ. ಅಳತೆ ತೆಗೆದು ಕಳಿಸು, ಇಲ್ಲಿಯ ಕ್ಲಬ್ಬಿನಲ್ಲಿ ನಾನೂ ವಿಚಾರಿಸುತ್ತೇನೆ.

ಇಂತಿ ನಿನ್ನ ಪ್ರೀತಿಯ
ದೊಡ್ಡಮ್ಮ