ಚಳಿ ಬಂದರೆ ಬೆಳೆ ಮುಗಿಯಿತೇ?

ವಾಚನಾಲಯಕ್ಕೆ ಬರುವ ಮಿತ್ರರೊಬ್ಬರು ಮೊನ್ನೆ ಒಂದು ಪ್ರಶ್ನೆ ಕೇಳಿದರು. ಕೆನಡಾದಲ್ಲಿರುವ ಅವರ ಮಗಳ ಹಿತ್ತಲಲ್ಲಿ ಸೆಪ್ಟೆಂಬರ್ ತಿಂಗಳಲ್ಲೇ ಒಂದು ರಾತ್ರಿ ಹಿಮ ಬಿದ್ದು ಟೊಮೇಟೊ ಗಿಡಗಳೆಲ್ಲ ಕಪ್ಪಾಗಿ ಬಾಡಿಹೋದವಂತೆ. "ನಮ್ಮ ಗ್ಯಾಲರಿಯ ಬಸಳೆಗೂ ಆ ಗತಿ ಬಂದೀತೇ?" ಎಂಬುದು ಅವರ ಚಿಂತೆ. ವಿಚಾರ ಮಾಡತಕ್ಕ ಪ್ರಶ್ನೆಯೇ ಸರಿ.

ಶಾಖವು 0 ಡಿಗ್ರಿಗಿಂತ ಕೆಳಗಿಳಿದಾಗ ಎಲೆಯೊಳಗಿನ ನೀರು ಹೆಪ್ಪುಗಟ್ಟುತ್ತದೆ. ಜೀವಕೋಶಗಳು ಹಾಳಾಗಿ ಎಳೆಯ ಗಿಡ ಸಾಯುತ್ತದೆ. ಆದುದರಿಂದಲೇ ಶೀತದೇಶದ ರೈತರು ವಸಂತದ ಕೊನೆಯ ಹಿಮದಿಂದ ಶರತ್ಕಾಲದ ಮೊದಲ ಹಿಮದವರೆಗಿನ ದಿನಗಳನ್ನೇ ಬೆಳೆಯ ಕಾಲವೆಂದು ಎಣಿಸುತ್ತಾರೆ. ಆ ಹಿಮ ಎರಡು ವಾರ ಮುಂಚೆ ಬಂದರೆ ವರ್ಷದ ದುಡಿಮೆ ಒಂದೇ ರಾತ್ರಿಯಲ್ಲಿ ಮಣ್ಣುಪಾಲು.

ಮುಂಬಯಿಯಲ್ಲಿ ಈ ಭಯವಿಲ್ಲ. ಇಲ್ಲಿನ ದಾಖಲೆಯ ಚಳಿ ಬಿದ್ದದ್ದು 1962ರ ಜನವರಿ 22ರಂದು. ಅಂದು ಸಾಂತಾಕ್ರೂಜಿನಲ್ಲಿ 7.4 ಡಿಗ್ರಿ, ಕೊಲಾಬಾದಲ್ಲಿ 11.7 ಡಿಗ್ರಿ. ಒಂದೇ ಊರಿನಲ್ಲಿ ಇಷ್ಟು ಅಂತರವೇಕೆ? ನೀರು ನೆಲದಂತೆ ಬೇಗ ತಣಿಯುವುದಿಲ್ಲ. ಕೊಲಾಬಾವನ್ನು ಕಡಲು ಸುತ್ತುವರಿದಿದೆ. ಅದು ರಾತ್ರಿಯೂ ಬೆಚ್ಚಗೆ ಕಾಯುತ್ತದೆ.

ಹಾಗಾದರೆ ನಮ್ಮಲ್ಲಿ ಬೆಳೆಯ ಕಾಲವನ್ನು ಮುಗಿಸುವುದು ಯಾವುದು? ಚಳಿಯಲ್ಲ, ನೀರು. ಜೂನಿನಲ್ಲಿ ಬಂದ ಮಳೆ ಸಾಧಾರಣವಾಗಿ ಅಕ್ಟೋಬರ್ 8ರ ಸುಮಾರಿಗೆ ಮುಂಬಯಿಯಿಂದ ಹಿಂದೆಗೆಯುತ್ತದೆ. ಮೋಡ ಸರಿದು ಬಿಸಿಲು ಬೀಳುತ್ತದೆ. ನೆಲದ ತೇವ ಆವಿಯಾಗಿ ಸೆಕೆ ಹೆಚ್ಚುತ್ತದೆ. ಚಳಿ ಬರುವ ಬದಲು ಅಕ್ಟೋಬರ್ ಬೇಗೆ ಬರುತ್ತದೆ! ಠಾಣೆ, ಪಾಲ್ಘರ್, ರಾಯಗಡಗಳ ಗದ್ದೆಗಳಲ್ಲಿ ಭತ್ತ ಹಣ್ಣಾಗುವುದೂ ಆಗಲೇ. ಇಲ್ಲಿನ ರೈತನಿಗೆ ಅಂಜಿಕೆ ಹಿಮದ್ದಲ್ಲ, ತಡವಾದ ಮಳೆಯದು. 2019ರ ಅಕ್ಟೋಬರ್ ಕೊನೆಯಲ್ಲಿ ಕ್ಯಾರ್ ಚಂಡಮಾರುತದ ವೇಳೆ ಸುರಿದ ಮಳೆಗೆ ಕೊಂಕಣದ ಮಾಗಿದ ಭತ್ತ ನೆನೆದು ಬಹಳ ನಷ್ಟವಾಯಿತು.

ಇನ್ನೊಂದು ಮಾತನ್ನೂ ನೆನಪಿಡಬೇಕು. ನಮ್ಮಲ್ಲಿ ಒಂದು ಬೆಳೆಯ ಮುಗಿತಾಯವೇ ಇನ್ನೊಂದರ ಆರಂಭ. ಭತ್ತ ಕೊಯ್ದ ಗದ್ದೆಯಲ್ಲೇ ಅಲಿಬಾಗಿನವರು ಬಿಳಿ ಈರುಳ್ಳಿ ನೆಡುತ್ತಾರೆ. ವಿಜಯಪುರ, ಕಲಬುರಗಿಗಳ ಎರೆಭೂಮಿ ಮಳೆಯ ನೀರನ್ನು ಒಡಲಲ್ಲಿಟ್ಟುಕೊಂಡಿರುತ್ತದೆ; ಹಿಂಗಾರಿಯ ಬಿಳಿಜೋಳ ಆ ತೇವದ ಮೇಲೆಯೇ ಬೆಳೆದು ತೆನೆ ಕಟ್ಟುತ್ತದೆ. ಮೈಸೂರು ಸೀಮೆಯ ಸೊಗಡಿನ ಅವರೆಯಂತೂ ಹಗಲು ಚಿಕ್ಕದಾಗದೆ ಹೂ ಬಿಡುವುದೇ ಇಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಸುಮಾರು 12 ಗಂಟೆಯಿರುವ ಮುಂಬಯಿಯ ಹಗಲು ಡಿಸೆಂಬರ್ ಕೊನೆಗೆ 11 ಗಂಟೆಗೆ ಇಳಿಯುತ್ತದೆ. ಆ ಒಂದು ಗಂಟೆಯ ಲೆಕ್ಕ ಗಿಡಕ್ಕೆ ತಿಳಿಯುತ್ತದೆ.

ಈಗ ಮಿತ್ರರ ಬಸಳೆಗೆ ಬರೋಣ. ಅದೂ ಹಗಲು ಚಿಕ್ಕದಾದಾಗ ಹೂ ಬಿಟ್ಟು ನೇರಳೆ ಬಣ್ಣದ ಕಾಯಿ ಕಟ್ಟುವ ಬಳ್ಳಿ. ಆಗ ಎಲೆ ಸಣ್ಣದಾಗುತ್ತದೆ; ನಾವು ಚಳಿಯನ್ನು ದೂರುತ್ತೇವೆ. ಕುಂಡದ ಮಣ್ಣು ಒಣಗಲು ಬಿಡಬೇಡಿ. ಹೂಗೊನೆಗಳನ್ನು ಚಿವುಟಿ, ದಂಟನ್ನು ಸಾರಿಗೆ ಬಳಸಿ. ಕೆಲವು ಕಾಯಿಗಳನ್ನು ಮಾತ್ರ ಹಣ್ಣಾಗಲು ಬಿಟ್ಟು ಬೀಜ ತೆಗೆದಿಡಿ. ಬಳ್ಳಿಯನ್ನು ಕಿತ್ತೆಸೆಯುವ ಕಾರಣವಿಲ್ಲ.

ಅಭ್ಯಾಸ: 1. ಕೊಲಾಬಾಕ್ಕಿಂತ ಸಾಂತಾಕ್ರೂಜಿನಲ್ಲಿ ಚಳಿ ಹೆಚ್ಚಾದುದೇಕೆ? 2. ನಿಮ್ಮ ಊರಿನಲ್ಲಿ ಮುಂಗಾರು ಬೆಳೆ ಕೊಯ್ದ ಮೇಲೆ ಏನು ಬಿತ್ತುತ್ತಾರೆ? ಮನೆಯ ಹಿರಿಯರನ್ನು ಕೇಳಿ ಬರೆದಿಡಿ.