ಗಲ್ಲಿಗೊಂದು ಮಾಲು: ಕಲಬುರಗಿ ಪೇಟೆಯಲ್ಲಿ ಮೊದಲ ಖರೀದಿ

ಕಲಬುರಗಿಗೆ ವರ್ಗವಾಗಿ ಬಂದವರು, ಸೊಸೆಯಾಗಿ ಬಂದವರು, ಓದಲು ಬಂದವರು ಮೊದಲ ವಾರದಲ್ಲೇ ಕೇಳುವುದು ‘ಇಲ್ಲಿ ಒಳ್ಳೆ ಅಂಗಡಿ ಯಾವುದ್ರಿ?’ ಎಂದು. ಈ ಊರಿನಲ್ಲಿ ಅಂಗಡಿಯ ಹೆಸರಿಗಿಂತ ಮೊದಲು ತಿಳಿಯಬೇಕಾದದ್ದು ಗಲ್ಲಿಯ ಹೆಸರು. ಬಟ್ಟೆಗೆ ಕಪಡಾ ಬಜಾರ್, ದಿನಸಿಗೆ ಕಿರಾಣಾ ಬಜಾರ್, ಚಿನ್ನ–ಬೆಳ್ಳಿಗೆ ಸರಾಫ್ ಬಜಾರ್, ಕಾಲಿಗೆ ಚಪ್ಪಲ್ ಬಜಾರ್, ತರಕಾರಿಗೆ ಕಣ್ಣಿ ಮಾರ್ಕೆಟ್, ಕಾಳುಕಡಿಗೆ ನೆಹರೂ ಗಂಜ್. ಒಂದೇ ಮಾಲಿನ ಅಂಗಡಿಗಳು ಸಾಲಾಗಿ ನಿಂತಿರುವುದರಿಂದ ನಾಲ್ಕು ಹೆಜ್ಜೆ ನಡೆದರೆ ನಾಲ್ಕು ಭಾವ ಗೊತ್ತಾಗುತ್ತವೆ. ಗಿರಾಕಿಗೆ ಇದಕ್ಕಿಂತ ದೊಡ್ಡ ಬಲ ಇನ್ನೊಂದಿಲ್ಲ.

ಪೇಟೆ ಇಲ್ಲಿ ಬಹಳ ಹಳೆಯದು. 1347ರಲ್ಲಿ ಬಹಮನಿ ಸುಲ್ತಾನರು ಈ ಊರನ್ನು ರಾಜಧಾನಿ ಮಾಡಿಕೊಂಡರು. ಶಹಾಬಜಾರ್ ಎಂಬ ಬಡಾವಣೆ, ಅಲ್ಲಿರುವ 14ನೇ ಶತಮಾನದ ಮಸೀದಿ ಇವತ್ತಿಗೂ ಆ ಕಾಲದ ಗುರುತಾಗಿ ಉಳಿದಿವೆ. ಇಸ್ತಾಂಬುಲ್‌ನ ಹೆಸರಾಂತ ಮುಚ್ಚು ಬಜಾರು ಕಟ್ಟಲು ಶುರುವಾದದ್ದು 1450ರ ದಶಕದಲ್ಲಿ. ಅಷ್ಟು ಹೊತ್ತಿಗೆ ಬಹಮನಿಗಳು ಕಲಬುರಗಿಯಲ್ಲಿ ಆಳಿ, ರಾಜಧಾನಿಯನ್ನು ಬೀದರಿಗೆ ಒಯ್ದೂ ಆಗಿತ್ತು.

ಹಂತ 1: ಹೊತ್ತು ನೋಡಿ ಹೊರಡಿ

ಇಲ್ಲಿನ ಬಿಸಿಲು ಹೊಸಬರ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ತರಕಾರಿ, ಕಾಳುಕಡಿಗೆ ಬೆಳಿಗ್ಗೆ ಹೋಗಿ. ಬಟ್ಟೆಬರೆಗೆ ಸಂಜೆ ಐದರ ಮೇಲೆ. ಗಟ್ಟಿ ಹೊಲಿಗೆಯ ಎರಡು ಕೈಚೀಲ ಇರಲಿ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಚೀಲಕ್ಕೆ 2016ರಿಂದಲೇ ನಿಷೇಧವಿದೆ. ಅದು ಇಲ್ಲದಿದ್ದರೂ ಐದು ಕಿಲೋ ಬೇಳೆಯನ್ನು ತೆಳು ಚೀಲ ತಾಳುವುದಿಲ್ಲ. ಫೋನಿನಲ್ಲಿ ರೊಕ್ಕ ಕಳಿಸುವುದು ಎಲ್ಲ ಕಡೆ ನಡೆಯುತ್ತದೆ. ಆದರೂ ಸೊಪ್ಪಿನವರ ಹತ್ತಿರ ಹತ್ತು, ಇಪ್ಪತ್ತರ ನೋಟು ಕೊಟ್ಟರೆ ಅವರಿಗೂ ಸುಲಭ, ನಿಮಗೂ ಬೇಗ.

ಹಂತ 2: ಮೊದಲ ಸುತ್ತು ಬರೀ ನೋಡಲಿಕ್ಕೆ

ಆಟೋದವರಿಗೆ ‘ಸೂಪರ್ ಮಾರ್ಕೆಟ್’ ಅಂದರೆ ಸಾಕು. ಗಾಜಿನ ಬಾಗಿಲಿನ ಒಂದು ಕಟ್ಟಡವನ್ನು ಹುಡುಕಬೇಡಿ. ಅದು ಬೀದಿ ಬೀದಿಯಾಗಿ ಹರಡಿಕೊಂಡ ಪೇಟೆ. ಅಲ್ಲಿಂದ ಹಳೆ ಪೇಟೆಯ ಗಲ್ಲಿಗಳನ್ನು ನಡೆದೇ ನೋಡಬೇಕು. ಮೊದಲ ಸುತ್ತಿನಲ್ಲಿ ಏನೂ ಕೊಳ್ಳದೆ, ಬೇಕಾದ ಮಾಲಿನ ಭಾವವನ್ನು ಎರಡು ಮೂರು ಕಡೆ ಕೇಳಿ ಮುಂದೆ ಸಾಗಿ. ಕೇಳಿ ಹೋದರೆ ಯಾರೂ ಸಿಟ್ಟಾಗುವುದಿಲ್ಲ. ಬೆಳಿಗ್ಗೆ ಆಗಷ್ಟೇ ಬಾಗಿಲು ತೆಗೆದ ಅಂಗಡಿಯಲ್ಲಿ ಮಾತ್ರ ಜೋಪಾನ: ಬೋಣಿಯ ಹೊತ್ತಿನಲ್ಲಿ ಗಿರಾಕಿ ಬರಿಗೈಲಿ ಎದ್ದು ಹೋದರೆ ವ್ಯಾಪಾರಿಯ ಮನಸ್ಸಿಗೆ ಹತ್ತುತ್ತದೆ. ಕೊಳ್ಳುವ ಮನಸ್ಸು ಇದ್ದರಷ್ಟೇ ಆಗ ಒಳಗೆ ಕಾಲಿಡಿ.

ಹಂತ 3: ಕರೆಯುವ ರೀತಿ, ಕೇಳುವ ರೀತಿ

ಭಾವ ಇಳಿಯುವುದು ಮಾತಿನಿಂದ. ಕಪಡಾ ಅಂಗಡಿಯ ಹಿರಿಯರನ್ನು ‘ಸಾವಕಾರ್ರೆ’ ಅನ್ನಿ. ಸೊಪ್ಪು ಮಾರುವ ಹಿರಿಯಳನ್ನು ‘ಯವ್ವಾ’, ನಿಮ್ಮ ಓರಗೆಯವಳಾದರೆ ‘ಅಕ್ಕಾ’. ಬಳೆ, ಅತ್ತರಿನ ಅಂಗಡಿಯ ಮುಸ್ಲಿಂ ಹಿರಿಯರನ್ನು ‘ಚಾಚಾ’. ಇದು ಕನ್ನಡ, ದಖ್ಖನಿ ಉರ್ದು, ಮರಾಠಿ, ತೆಲುಗು ಎಲ್ಲವೂ ಒಂದೇ ಗಲ್ಲಿಯಲ್ಲಿ ಕೇಳುವ ಊರು. ತಪ್ಪು ಉರ್ದುವಿಗಿಂತ ನೇರ ಕನ್ನಡವೇ ಚೆಂದ ನಡೆಯುತ್ತದೆ.

ಮಾತು ಸುಮಾರಾಗಿ ಹೀಗೆ ಹೋಗುತ್ತದೆ:

‘ಎಷ್ಟಕ್ಕ ಕೊಡ್ತೀರಿ ಸಾವಕಾರ್ರೆ?’
‘ನಿಮಗ ಅಂತ ಹನ್ನೆರಡುನೂರು.’
‘ಭಾಳ ತುಟ್ಟಿ ಆಯ್ತ್ರಿ. ಆಖರಿ ರೇಟ್ ಹೇಳ್ರಿ.’

ಇಲ್ಲಿಂದ ಮುಂದೆ ಒಂದೇ ನಿಯಮ. ನೀವಾಗಿ ಬಾಯಿಬಿಟ್ಟು ಒಂದು ರೇಟು ಹೇಳಿ, ಅವರು ‘ಆಯ್ತು, ಒಯ್ಯಿರಿ’ ಅಂದರೆ ಆ ಮಾಲು ನಿಮ್ಮದೇ. ಆಮೇಲೆ ಹಿಂದೆ ಸರಿಯುವುದು ಮರ್ಯಾದೆಯಲ್ಲ. ‘ಒಂದೇ ಭಾವ’ ಎಂದು ಫಲಕ ಹಾಕಿದಲ್ಲಿ ಜಗ್ಗಾಡಬೇಡಿ. ಪುಂಡಿಪಲ್ಯ, ಮೆಂತೆಸೊಪ್ಪಿನ ಕಟ್ಟಿಗೆ ಐದು ರೂಪಾಯಿ ಕಡಿಮೆ ಮಾಡಿಸುವುದನ್ನಂತೂ ನಾನು ಯಾರಿಗೂ ಹೇಳಿಕೊಡುವುದಿಲ್ಲ. ನಸುಕಿನಲ್ಲಿ ಹಳ್ಳಿಯಿಂದ ಗಂಟು ಹೊತ್ತು ತಂದವಳ ದಿನದ ಗಳಿಕೆಯೇ ಅಷ್ಟು ಸಣ್ಣದು.

ಹಂತ 4: ಕಪಡಾ ಬಜಾರಿನಲ್ಲಿ ಗಾದಿಯ ಮೇಲೆ ಕೂತು

ಹಳೆ ಅಂಗಡಿಗಳಲ್ಲಿ ಬಿಳಿ ಗಾದಿ ಹಾಸಿರುತ್ತಾರೆ. ಚಪ್ಪಲಿ ಬಿಟ್ಟು ಹತ್ತಿ ಕೂಡಬೇಕು. ಮೊದಲೇ ‘ಇಷ್ಟು ರೊಕ್ಕದೊಳಗ ತೋರಿಸ್ರಿ’ ಅಂದುಬಿಟ್ಟರೆ ಎರಡೂ ಕಡೆಯ ಹೊತ್ತು ಉಳಿಯುತ್ತದೆ. ಇಲ್ಲಿ ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ, ಗದ್ವಾಲ, ನಾರಾಯಣಪೇಟೆ, ಸೊಲ್ಲಾಪುರದ ಚಾದರ ಎಲ್ಲವೂ ಬರುತ್ತವೆ. ಮೂರು ಸೀಮೆಗಳ ನೇಕಾರಿಕೆ ಕೂಡುವ ಜಾಗವಿದು.

ಹೊಸಬರು ಹೆಚ್ಚು ಎಡವುವುದು ಇಳಕಲ್ಲ ಸೀರೆಯಲ್ಲಿ. ಮೈಯನ್ನು ಬಿಟ್ಟು ಸೆರಗನ್ನು ಬಿಚ್ಚಿಸಿ ನೋಡಿ. ಕೈಮಗ್ಗದ ಇಳಕಲ್ಲದಲ್ಲಿ ಮೈ ನೂಲಿಗೂ ಸೆರಗಿನ ನೂಲಿಗೂ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಸೆರಗು ಶುರುವಾಗುವ ಆ ಗೆರೆಯನ್ನು ಬೆರಳಿನಿಂದ ಸವರಿದರೆ ಸಣ್ಣ ಸಣ್ಣ ಕೊಂಡಿಗಳು ಹತ್ತುತ್ತವೆ. ಕೆಂಪು ಸೆರಗಿನಲ್ಲಿ ಬಿಳಿ ತೆನೆ ಎದ್ದಂತೆ ಕಾಣುವ ಟೋಪ್ ತೆನಿ ಅದರ ಗುರುತು. ದಡಿಯಲ್ಲಿ ಗೋಮಿ, ಗಾಡಿ, ಪರಾಸ ಎಂಬ ಬಗೆಗಳಿವೆ. ಹೆಸರು ಹಿಡಿದು ಕೇಳಿದರೆ ತೋರಿಸುವ ಮಾಲೇ ಬದಲಾಗುತ್ತದೆ. ‘ಮೈ ಹತ್ತಿಯೋ, ರೇಷ್ಮೆಯೋ, ಪಾಲಿಯೆಸ್ಟರೋ’ ಎಂದು ಸಂಕೋಚವಿಲ್ಲದೆ ಕೇಳಿ, ಬಿಲ್ಲಿನಲ್ಲಿ ಬರೆಸಿ.

ಹಂತ 5: ಸರಾಫ್ ಬಜಾರ್

ಇಲ್ಲಿ ನಂಬಿಕೆಗಿಂತ ಮುದ್ರೆ ಮುಖ್ಯ. ಆಭರಣದ ಮೇಲೆ ಬಿಐಎಸ್ ಗುರುತು, ಶುದ್ಧತೆಯ ಅಂಕಿ (22 ಕ್ಯಾರೆಟ್ ಆದರೆ 916), ಆರು ಅಕ್ಷರ–ಅಂಕಿಗಳ ಎಚ್‌ಯುಐಡಿ, ಈ ಮೂರೂ ಇರಬೇಕು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಆಭರಣಕ್ಕೆ ಎಚ್‌ಯುಐಡಿ ಕಡ್ಡಾಯ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ಅಂಗಡಿಯಲ್ಲೇ ಪರೀಕ್ಷಿಸಬಹುದು. ಚಿನ್ನದ ಭಾವ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಮಾತಾಡಬೇಕಾದದ್ದು ಮಜೂರಿಯ ಬಗ್ಗೆ.

ಹಂತ 6: ತೊಗರಿ, ಇದಕ್ಕೆ ಅವಸರ ಬೇಡ

ತೊಗರಿಯ ಕಣಜ ಎಂದು ಹೆಸರಾದ ಜಿಲ್ಲೆಯಿದು. 2019ರಲ್ಲಿ ಇಲ್ಲಿನ ತೊಗರಿಬೇಳೆಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಡಿಸೆಂಬರಿನಿಂದ ಫೆಬ್ರುವರಿ ತನಕ ಗಂಜಿನಲ್ಲಿ ಹೊಸ ತೊಗರಿಯ ಚೀಲಗಳು ಗುಡ್ಡೆ ಬೀಳುತ್ತವೆ. ಅಡತಿ ಅಂಗಡಿಗಳ ಮುಂದೆ ಸವಾಲು ನಡೆಯುತ್ತದೆ, ಹಮಾಲರು ಚೀಲ ಹೊತ್ತು ಓಡಾಡುತ್ತಾರೆ. ಅಲ್ಲಿನ ವ್ಯವಹಾರ ಕ್ವಿಂಟಲ್ ಲೆಕ್ಕದ್ದು, ಮನೆಯವರಿಗಲ್ಲ. ಆದರೂ ಒಂದು ಬೆಳಿಗ್ಗೆ ನಿಂತು ನೋಡಿ. ರೈತನ ಕೈಗೆ ಏನು ಸಿಗುತ್ತದೆ, ಕಿರಾಣಿಯಲ್ಲಿ ನೀವು ಏನು ಕೊಡುತ್ತೀರಿ ಎನ್ನುವುದು ತಿಳಿಯುತ್ತದೆ. ಮನೆಗೆ ಬೇಕಾದ ಬೇಳೆ ಸುತ್ತಲಿನ ಚಿಲ್ಲರೆ ಅಂಗಡಿಗಳಲ್ಲಿ, ಕಿರಾಣಾ ಬಜಾರಿನಲ್ಲಿ ಸಿಗುತ್ತದೆ.

ಆರಿಸುವುದು ಹೀಗೆ. ಮುಷ್ಟಿ ಬೇಳೆ ತೆಗೆದು ಬೆಳಕಿಗೆ ಹಿಡಿಯಿರಿ. ಎಣ್ಣೆ ಹಚ್ಚಿದಂತೆ ಥಳಥಳ ಹೊಳೆದರೆ ಪಾಲಿಶ್ ಆದದ್ದು; ಮಸುಕು ಹಳದಿ, ಅಲ್ಲಲ್ಲಿ ಸಿಪ್ಪೆಯ ಚೂರು ಇದ್ದರೆ ಒಳ್ಳೆಯದು. ಅಂಗೈಯಲ್ಲಿ ತಿಕ್ಕಿದರೆ ಬಣ್ಣ ಹತ್ತಬಾರದು. ಕೇಸರಿ ಬೇಳೆ ಬೆರೆತಿದ್ದರೆ ಅದು ಮೂಲೆ ಮೂಲೆಯಾಗಿ, ಬೆಣೆಯ ಆಕಾರದಲ್ಲಿ ಕಾಣುತ್ತದೆ. ತೊಗರಿಯ ಬೆನ್ನು ದುಂಡಗಿರುತ್ತದೆ. ಇಷ್ಟಾದ ಮೇಲೂ ವರ್ಷದ ಬೇಳೆಯನ್ನು ಒಮ್ಮೆಲೇ ಕೊಳ್ಳಬೇಡಿ. ಪಾವ್ ಕಿಲೋ ಒಯ್ದು ಮನೆಯ ನೀರಿನಲ್ಲಿ ಬೇಯಿಸಿ ನೋಡಿ. ಬೇಗ ಕರಗಿ ಘಮ ಬಿಟ್ಟರೆ ಅದೇ ಅಂಗಡಿಗೆ ಮರಳಿ ಹೋಗಿ. ಬೇಸಿಗೆಯಲ್ಲಿ ಬಿಸಿಲಿಗೆ ಹರವಿ, ಔಡಲೆಣ್ಣೆ ಸವರಿ, ಡಬ್ಬಿಗೆ ತುಂಬಿದರೆ ವರ್ಷವಿಡೀ ಹುಳ ಹತ್ತುವುದಿಲ್ಲ.

ತೂಕದ ಯಂತ್ರ ಸೊನ್ನೆ ತೋರಿಸಿದ ಮೇಲೆಯೇ ಮಾಲು ಇಡಿಸಿ.

ಅಲ್ಲೇ ಬಿಳಿಜೋಳವನ್ನೂ ಕೇಳಿ. ‘ಮಾಲದಂಡಿ’ ಅಂದರೆ ಮುತ್ತಿನಂಥ ದುಂಡು ಕಾಳು ತೋರಿಸುತ್ತಾರೆ. ಹಿಟ್ಟಿನ ಬದಲು ಕಾಳು ಕೊಂಡು ಗಿರಣಿಯಲ್ಲಿ ಬೀಸಿಸಿ. ಹಿಟ್ಟು ಹಳೆಯದಾದಷ್ಟು ಜಿಗಿ ಹೋಗಿ ರೊಟ್ಟಿ ಒಡೆಯುತ್ತದೆ. ರೊಟ್ಟಿ ಬಡಿಯಲು ಬಾರದವರು ಸ್ವಸಹಾಯ ಸಂಘದ ಮಹಿಳೆಯರು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಮಾರುವ ರೊಟ್ಟಿ ಕೊಳ್ಳಬಹುದು. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ ಇದ್ದರೆ ಒಂದು ಊಟ ಆಯಿತು. ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಊರಲ್ಲಿದ್ದರೆ ಕಣ್ಣಿ ಮಾರ್ಕೆಟ್ಟಿಗೆ ತಪ್ಪದೆ ಹೋಗಿ. ಭಜ್ಜಿಗೆಂದು ಹಸಿ ಕಡಲೆ, ಅವರೆ, ಹತ್ತು ಹಲವು ಸೊಪ್ಪುಗಳು ಅವತ್ತು ಒಟ್ಟಿಗೆ ಬಂದಿರುತ್ತವೆ.

ಹಂತ 7: ಮಾಲ್‌ಗೆ ಯಾವುದಕ್ಕೆ?

ಸಿದ್ಧ ಉಡುಪು, ಅಳತೆ ನೋಡಿ ಹಾಕಿಕೊಳ್ಳುವ ಬೂಟು, ಬ್ರಾಂಡಿನ ಸಾಮಾನು, ಗ್ಯಾರಂಟಿ ಬೇಕಾದ ಯಂತ್ರಗಳಿಗೆ ಮಾಲ್ ಅನುಕೂಲ. ಬಿಲ್ಲಿನ ಹಿಂದೆ ಬರೆದ ಬದಲಾವಣೆಯ ನಿಯಮವನ್ನು ರೊಕ್ಕ ಕೊಡುವ ಮೊದಲೇ ಓದಿ. ಪೊಟ್ಟಣದ ಮೇಲಿನ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆ ಸೇರಿರುತ್ತದೆ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಕೇಳಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕಾಳು, ಬೇಳೆ, ಹಣ್ಣನ್ನು ಮಾಲ್‌ನಲ್ಲಿ ಕೊಳ್ಳಲು ಈ ಊರಿನಲ್ಲಿ ಯಾವ ಕಾರಣವೂ ನನಗೆ ಕಾಣುವುದಿಲ್ಲ.

ಹಂತ 8: ಒಂದು ಬೆಳಿಗ್ಗೆ ಕಮಲಾಪುರಕ್ಕೆ

ಹುಮನಾಬಾದ್, ಬೀದರ್ ಕಡೆಯ ಬಸ್ಸು ಹತ್ತಿದರೆ ಒಂದು ಗಂಟೆಯ ಆಸುಪಾಸಿನಲ್ಲಿ ಕಮಲಾಪುರ. 2018ರಲ್ಲಿ ತಾಲ್ಲೂಕಾದ ಊರು. ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಡಿ ಟಿಕೆಟಿನ ಖರ್ಚಿಲ್ಲ. ಹೋಗುವುದು ಕೆಂಪು ಬಾಳೆಗಾಗಿ. ಇದಕ್ಕೂ ಭೌಗೋಳಿಕ ಸೂಚಕ ಇದೆ. ಮಾಮೂಲಿ ಬಾಳೆಗಿಂತ ಈ ಗಿಡ ಗೊನೆ ಕೊಡಲು ತಿಂಗಳುಗಟ್ಟಲೆ ಹೆಚ್ಚು ತೆಗೆದುಕೊಳ್ಳುತ್ತದೆ, ಗೊಬ್ಬರ, ನೀರು, ಆರೈಕೆ ಎಲ್ಲವೂ ಹೆಚ್ಚು. ಹಣ್ಣು ತುಟ್ಟಿಯಾಗುವುದು ಅದಕ್ಕೇ. ಬೆಳೆಯುವ ಜಾಗವೂ ಕಮ್ಮಿ, ಆದ್ದರಿಂದ ನ್ಯಾಯವಾದ ಬೆಲೆ ಕೊಟ್ಟು ಕೊಳ್ಳುವವರು ಇದ್ದರೆ ಮಾತ್ರ ರೈತ ಇದನ್ನು ಹಚ್ಚುತ್ತಾನೆ. ಹಾಗಾಗಿ ಇಲ್ಲಿ ಚೌಕಾಸಿ ಹಗುರಾಗಿರಲಿ.

ತಮಿಳುನಾಡು, ಕೇರಳದಲ್ಲೂ ಕೆಂಪು ಬಾಳೆ ಬೆಳೆಯುತ್ತಾರೆ; ನಗರದ ಗಾಡಿಯ ಮೇಲಿರುವ ಪ್ರತಿ ಕೆಂಪು ಹಣ್ಣೂ ಕಮಲಾಪುರದ್ದಲ್ಲ. ರಸ್ತೆ ಬದಿಯ ಮಾರಾಟಗಾರರನ್ನು ‘ಯಾವ ತೋಟದ್ದು, ಯಾವಾಗ ಕೊಯ್ದದ್ದು?’ ಎಂದು ಕೇಳಿ. ಕಡುಗೆಂಪಾಗಿ ಗಟ್ಟಿ ಇದ್ದರೆ ಇನ್ನೂ ಕಾಯಿ, ತಿಂದರೆ ಒಗರು. ಬಣ್ಣ ತಿಳಿಯಾಗಿ, ತೊಟ್ಟಿನ ಹತ್ತಿರ ಒತ್ತಿದರೆ ಮೆತ್ತಗಾಗಿದ್ದರೆ ಇವತ್ತೇ ತಿನ್ನಬಹುದು. ಅರ್ಧ ಹಣ್ಣು, ಅರ್ಧ ದೋರೆ ಇರುವಂತೆ ಆರಿಸಿಕೊಳ್ಳಿ. ದೋರೆಗಳನ್ನು ಗಾಳಿಯಾಡುವಲ್ಲಿ ತೂಗುಹಾಕಿ, ಫ್ರಿಜ್ಜಿಗೆ ಇಡಬೇಡಿ. ಮರಳುವ ಬಸ್ಸಿನಲ್ಲಿ ಬೇಳೆಯ ಚೀಲ ಕಾಲಬಳಿ, ಬಾಳೆಯ ಚೀಲ ತೊಡೆಯ ಮೇಲೆ ಇರಲಿ.